ಅಡಾಪ್ಟಿವ್ ಸಸ್ಪೆನ್ಷನ್‌ಗೆ ಹೆಚ್ಚುವರಿ ಹಣ ಕೊಡಬೇಕೇ? ಸಂಸಾರದ ಕಾರು ಕೊಳ್ಳುವವರಿಗೊಂದು ಹೋಲಿಕೆ

ಇಪ್ಪತ್ತೈದು ಲಕ್ಷದ ಆಸುಪಾಸಿನಲ್ಲಿ ಕಾರು ಹುಡುಕುತ್ತಿರುವವರು ಈಚೆಗೆ ಹೆಚ್ಚು ಕಡಿಮೆ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. ನಡುವಿನ ವೇರಿಯಂಟ್‌ನಲ್ಲಿ ಬೇಕಾದದ್ದೆಲ್ಲ ಇದೆ, ರಸ್ತೆಗೆ ತಕ್ಕಂತೆ ತಾನೇ ಬಿಗಿಯಾಗುವ, ಸಡಿಲವಾಗುವ ಅಡಾಪ್ಟಿವ್ ಸಸ್ಪೆನ್ಷನ್ ಮಾತ್ರ ಮೇಲಿನದರಲ್ಲಿದೆ. ಬೆಲೆ ಎರಡು ಮೂರು ಲಕ್ಷ ಹೆಚ್ಚು. ಮನೆಯಲ್ಲಿ ಸೊಂಟನೋವಿನ ಅಮ್ಮ ಇದ್ದಾರೆ, ಘಾಟಿ ಹತ್ತಿದರೆ ವಾಂತಿ ಮಾಡುವ ಮಗು ಇದೆ. ಕೊಡುವುದೋ ಬಿಡುವುದೋ?

ಕೆಲವು ವರ್ಷಗಳ ಹಿಂದೆ ಈ ಪ್ರಶ್ನೆ ಹುಟ್ಟುವ ಸಂದರ್ಭವೇ ಇರಲಿಲ್ಲ. ಇದು ದುಬಾರಿ ಜರ್ಮನ್ ಕಾರುಗಳ ಸಂಗತಿಯಾಗಿತ್ತು. 2024ರ ನವೆಂಬರಿನಲ್ಲಿ ಮಹೀಂದ್ರ ಸಂಸ್ಥೆ ತನ್ನ ಬಿಇ 6 ಮತ್ತು ಎಕ್ಸ್‌ಇವಿ 9ಇ ವಿದ್ಯುತ್ ಕಾರುಗಳನ್ನು ತಂದು, ಮೇಲಿನ ಶ್ರೇಣಿಯ ಆವೃತ್ತಿಗಳಲ್ಲಿ ಇದನ್ನು ಕೊಟ್ಟಾಗ ವಿಷಯ ಸಂಸಾರಸ್ಥರ ಲೆಕ್ಕಾಚಾರದೊಳಗೆ ಬಂತು. ಆಮೇಲೆ ಶೋರೂಂಗಳಲ್ಲಿ ‘ಸ್ಮಾರ್ಟ್ ಸಸ್ಪೆನ್ಷನ್’ ಎಂಬ ಮಾತು ಎಲ್ಲದಕ್ಕೂ ಅಂಟತೊಡಗಿದೆ. ಹಾಗಾಗಿ ಮೊದಲು ಯಾವುದು ಏನು ಎಂಬುದನ್ನು ಬಿಡಿಸಿಕೊಳ್ಳೋಣ.

ಅದು ಮಾಡುವುದೇನು, ಮಾಡದಿರುವುದೇನು

ಕಾರಿನ ಭಾರ ಹೊರುವುದು ಸ್ಪ್ರಿಂಗ್. ಆ ಸ್ಪ್ರಿಂಗ್ ಒಮ್ಮೆ ಅದುಮಿದ ಮೇಲೆ ಕುಣಿಯುತ್ತಲೇ ಇರದಂತೆ ತಡೆಯುವುದು ಶಾಕ್ ಅಬ್ಸಾರ್ಬರ್. ಕಚೇರಿಯ ಬಾಗಿಲು ಧಡಾರನೆ ಬಡಿಯದೆ ಮೆಲ್ಲನೆ ಮುಚ್ಚುವಂತೆ ಮೇಲೆ ಕೂರಿಸಿರುತ್ತಾರಲ್ಲ, ಎಣ್ಣೆ ತುಂಬಿದ ಕೊಳವೆ, ಹೆಚ್ಚು ಕಡಿಮೆ ಅದೇ ಕೆಲಸ. ಎಣ್ಣೆ ಸಣ್ಣ ರಂಧ್ರಗಳ ಮೂಲಕ ಹಾಯುವಾಗ ಒಡ್ಡುವ ತಡೆಯೇ ಅದರ ಶಕ್ತಿ. ಸಾಮಾನ್ಯ ಶಾಕ್ ಅಬ್ಸಾರ್ಬರಿನಲ್ಲಿ ಆ ರಂಧ್ರಗಳ ಅಳತೆ ಕಾರ್ಖಾನೆಯಲ್ಲೇ ನಿಗದಿಯಾಗಿಬಿಡುತ್ತದೆ. ಒಬ್ಬರೇ ಕಚೇರಿಗೆ ಹೋಗುವಾಗಲೂ ಅದೇ, ಏಳು ಜನ ಕೂತು ಧರ್ಮಸ್ಥಳಕ್ಕೆ ಹೊರಟಾಗಲೂ ಅದೇ. ಮೆತ್ತಗಿಟ್ಟರೆ ಊರೊಳಗೆ ಸುಖ, ಹೆದ್ದಾರಿಯಲ್ಲಿ ತೇಲಾಟ. ಬಿಗಿ ಇಟ್ಟರೆ ಹೆದ್ದಾರಿಯಲ್ಲಿ ನೆಮ್ಮದಿ, ಊರೊಳಗೆ ಕಿರಿಕಿರಿ. ಎಂಜಿನಿಯರ್ ಎಲ್ಲೋ ನಡುವೆ ಒಂದು ರಾಜಿಗೆ ಬಂದಿರುತ್ತಾನೆ.

ಅಡಾಪ್ಟಿವ್ ಎಂದರೆ ಆ ರಾಜಿಯನ್ನು ಓಡುವಾಗಲೇ ಮತ್ತೆ ಮತ್ತೆ ಮಾಡಿಕೊಳ್ಳುವುದು. ಚಕ್ರ ಮತ್ತು ಬಾಡಿಯ ಚಲನೆಯನ್ನು ಸೆನ್ಸರ್‌ಗಳು ಅಳೆಯುತ್ತವೆ, ಒಂದು ಪುಟ್ಟ ಕಂಪ್ಯೂಟರ್ ಲೆಕ್ಕ ಹಾಕುತ್ತದೆ, ಶಾಕ್ ಅಬ್ಸಾರ್ಬರಿನಲ್ಲಿರುವ ವಿದ್ಯುತ್ ಕವಾಟ ಎಣ್ಣೆಯ ದಾರಿಯನ್ನು ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ. ಇದೆಲ್ಲ ಕ್ಷಣವೊಂದರಲ್ಲಿ ಹಲವು ಬಾರಿ ನಡೆಯುತ್ತದೆ. ಕವಾಟದ ಬದಲು ತಂತಿ ಸುರುಳಿಗೆ ವಿದ್ಯುತ್ ಹಾಯಿಸಿ, ಅದರ ಕಾಂತಬಲದಿಂದ ಕಬ್ಬಿಣದ ಸೂಕ್ಷ್ಮ ಕಣಗಳಿರುವ ದ್ರವವನ್ನೇ ಗಟ್ಟಿ ಮಾಡುವ ವಿಧಾನವೂ ಇದೆ. 2002ರಲ್ಲೇ ಅಮೆರಿಕದ ಕ್ಯಾಡಿಲಾಕ್ ಸೆವಿಲ್ ಕಾರಿನಲ್ಲಿ ಅದು ಬಂದಿತ್ತು. ತಂತ್ರಜ್ಞಾನ ಹಳೆಯದೇ, ನಮ್ಮ ಬಜೆಟ್ಟಿಗೆ ಇಳಿದದ್ದು ಹೊಸದು.

ಈಗ ಮಾರಾಟಗಾರರು ಹೇಳದ ಭಾಗ. ಅಡಾಪ್ಟಿವ್ ಶಾಕ್ ಅಬ್ಸಾರ್ಬರ್ ಸ್ಪ್ರಿಂಗನ್ನು ಬದಲಿಸುವುದಿಲ್ಲ. ಡಿಕ್ಕಿ ತುಂಬ ಅಕ್ಕಿಮೂಟೆ, ತೆಂಗಿನಕಾಯಿ ಹೇರಿದರೆ ಹಿಂಭಾಗ ಕುಸಿಯುವುದು ಕುಸಿಯುತ್ತದೆ. ಚಕ್ರ ಮೇಲೆ ಕೆಳಗೆ ಆಡುವ ಅಂತರವೂ ಹೆಚ್ಚುವುದಿಲ್ಲ. ಮಳೆಗಾಲದ ಆಳವಾದ ಗುಂಡಿಯಲ್ಲಿ ಆ ಅಂತರ ಮುಗಿದು ‘ಧಡ್’ ಎನ್ನುವುದು ಇದ್ದೇ ಇದೆ. ತಿರುವಿನಲ್ಲಿ ಕಾರು ಕೊನೆಗೆ ಎಷ್ಟು ವಾಲುತ್ತದೆ ಎಂಬುದನ್ನೂ ಅದು ನಿರ್ಧರಿಸುವುದಿಲ್ಲ, ಅದು ಸ್ಪ್ರಿಂಗ್ ಮತ್ತು ಆ್ಯಂಟಿ ರೋಲ್ ಬಾರ್‌ನ (ಎಡಬಲ ಚಕ್ರಗಳನ್ನು ಬೆಸೆದು ವಾಲುವುದನ್ನು ತಡೆಯುವ ಸರಳಿನ) ಕೆಲಸ. ಎಷ್ಟು ಬೇಗ ವಾಲುತ್ತದೆ ಎಂಬುದು ಮಾತ್ರ ಇದರ ಕೈಯಲ್ಲಿದೆ. ಥಟ್ಟನೆ ವಾಲುವ ಕಾರಿಗೂ ಮೆಲ್ಲನೆ ಒರಗುವ ಕಾರಿಗೂ ಕೂತವರಿಗೆ ಬಹಳ ವ್ಯತ್ಯಾಸ ತಿಳಿಯುತ್ತದೆ, ಅದನ್ನು ಅಲ್ಲಗಳೆಯಲಾಗದು.

ಯಾವುದರಿಂದ ಅಳೆಯಬೇಕು

ವೇರಿಯಂಟ್ ಪಟ್ಟಿ ತೆಗೆಯುವ ಮೊದಲು ನಿಮ್ಮ ಮನೆಯ ಬಗ್ಗೆಯೇ ಕೆಲವು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ.

ಮೊದಲನೆಯದು, ಕಾರು ಓಡುವ ವೇಗ. ಗಂಟೆಗೆ ಇಪ್ಪತ್ತು ಮೂವತ್ತು ಕಿಲೋಮೀಟರಿನಲ್ಲಿ ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ಕಾರಿನಲ್ಲಿ ಈ ತಂತ್ರಜ್ಞಾನದ ಅರ್ಧ ಪ್ರತಿಭೆ ಹೊರಗೆ ಬರುವುದೇ ಇಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಹೋಗಿ, ಅಲ್ಲಿಂದ ಊರಿನ ಕಿತ್ತುಹೋದ ಡಾಂಬರು ರಸ್ತೆಗೆ ಇಳಿಯುವವರಿಗೆ ಒಂದೇ ಪಯಣದಲ್ಲಿ ಎರಡು ಬಗೆಯ ಕಾರು ಬೇಕಾಗುತ್ತದೆ. ಅಂಥವರಿಗೇ ಇದು ಹೇಳಿ ಮಾಡಿಸಿದಂತಿರುವುದು.

ಎರಡನೆಯದು, ಭಾರದ ಏರಿಳಿತ. ವಾರವಿಡೀ ಒಬ್ಬರು, ಭಾನುವಾರ ಆರು ಮಂದಿ ಎಂಬ ಮನೆಯೋ, ಯಾವಾಗಲೂ ಇಬ್ಬರೇ ಓಡಾಡುವ ಮನೆಯೋ?

ಮೂರನೆಯದು ಹಿಂದಿನ ಸೀಟು. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹೆಚ್ಚಿನವರು ಹಣ ಕೊಡಲು ಮುಂದಾಗುವುದು ಇದಕ್ಕಾಗಿಯೇ. ಕಾರಿನ ಬಾಡಿ ಸೆಕೆಂಡಿಗೆ ಒಂದು ಒಂದೂವರೆ ಬಾರಿಯ ಲಯದಲ್ಲಿ ಮೇಲೆ ಕೆಳಗೆ ತೂಗುತ್ತದೆ, ಚಕ್ರಗಳು ಹತ್ತು ಹದಿನೈದು ಬಾರಿಯ ಲಯದಲ್ಲಿ ನಡುಗುತ್ತವೆ. ಕೂತ ಮನುಷ್ಯನ ದೇಹಕ್ಕೆ ಅತಿ ಹೆಚ್ಚು ತ್ರಾಸವಾಗುವುದು ಇವೆರಡರ ನಡುವಿನ, ನಾಲ್ಕರಿಂದ ಎಂಟು ಬಾರಿಯ ಕಂಪನ. ಸವೆದ ಡಾಂಬರಿನ ಮೇಲೆ ಸೊಂಟಕ್ಕೆ ತಾಗುವ ಆ ಕುಲುಕಾಟ ಇದೇ. ಒಳ್ಳೆಯ ಶಾಕ್ ಅಬ್ಸಾರ್ಬರ್ ಇದನ್ನು ಖಂಡಿತ ಕಡಿಮೆ ಮಾಡುತ್ತದೆ. ಆದರೆ ಟಯರ್ ಮತ್ತು ಸೀಟಿನ ಸ್ಪಂಜಿಗೂ ಇದರಲ್ಲಿ ಪಾಲಿದೆ. ಸೊಂಟನೋವಿನ ಹಿರಿಯರಿಗಂತೂ ಓಡುವ ಕಾರಿಗಿಂತ ನಿಂತ ಕಾರೇ ದೊಡ್ಡ ಕಷ್ಟ: ಕಾಲೆತ್ತಿ ಹತ್ತುವುದು, ತಗ್ಗಿನ ಸೀಟಿನಿಂದ ಮಂಡಿಗೆ ಕೈಯೂರಿ ಏಳುವುದು. ಅಮ್ಮನಿಗೆಂದೇ ಕಾರು ಕೊಳ್ಳುವುದಾದರೆ ಸಸ್ಪೆನ್ಷನ್‌ಗಿಂತ ಮೊದಲು ಹಿಂದಿನ ಸೀಟಿನ ಎತ್ತರ ಮತ್ತು ಬಾಗಿಲು ತೆರೆಯುವ ಅಗಲ ನೋಡಿ.

ಮಗುವಿನ ವಾಂತಿಯ ಕಥೆ ಬೇರೆ. ವಾಕರಿಕೆ ತರಿಸುವುದು ಬಹಳ ನಿಧಾನದ ತೂಗಾಟ, ಐದು ಸೆಕೆಂಡಿಗೊಮ್ಮೆ ಬರುವಂಥದ್ದು. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಅದನ್ನು ಸೃಷ್ಟಿಸುವುದು ಮುಖ್ಯವಾಗಿ ಸ್ಟಿಯರಿಂಗ್, ಬ್ರೇಕ್ ಮತ್ತು ಓಡಿಸುವವರ ಅವಸರ. ವಿದ್ಯುತ್ ಕಾರಾದರೆ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ: ಆ್ಯಕ್ಸಲರೇಟರಿನಿಂದ ಕಾಲೆತ್ತಿದ ಕೂಡಲೇ ಕಾರು ತಾನಾಗಿ ವೇಗ ತಗ್ಗಿಸುವ ರೀಜನರೇಟಿವ್ ಬ್ರೇಕಿಂಗ್. ಅದನ್ನು ಅತಿ ಕಡಿಮೆ ಹಂತಕ್ಕೆ ಇಟ್ಟು ಒಮ್ಮೆ ಘಾಟಿ ಹತ್ತಿ ನೋಡಿ. ಬಹಳಷ್ಟು ಮನೆಗಳ ಸಮಸ್ಯೆ ಅಲ್ಲಿಗೇ ಅರ್ಧ ಇಳಿಯುತ್ತದೆ, ಒಂದು ರೂಪಾಯಿಯೂ ಖರ್ಚಿಲ್ಲ. ಅಡಾಪ್ಟಿವ್ ಸಸ್ಪೆನ್ಷನ್ ವಾಲುವ ವೇಗವನ್ನು ತಗ್ಗಿಸಿ ನೆರವಾಗುತ್ತದೆ, ಔಷಧವಾಗುವುದಿಲ್ಲ.

ನಾಲ್ಕನೆಯದು, ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ. ಐದು ವರ್ಷಕ್ಕೆ ಮಾರುವವರು ಬಹುಮಟ್ಟಿಗೆ ವಾರಂಟಿಯ ನೆರಳಿನಲ್ಲೇ ಇರಬಹುದು. ಹತ್ತು ಹನ್ನೆರಡು ವರ್ಷ ಓಡಿಸುವವರು ಎರಡನೇ ಜೊತೆ ಶಾಕ್ ಅಬ್ಸಾರ್ಬರಿನ ಬಿಲ್ಲನ್ನೂ ತಾವೇ ಕಟ್ಟಬೇಕು.

ಹಣದ ಲೆಕ್ಕ

ಯುರೋಪಿನಲ್ಲಿ ಕಾರು ಬುಕ್ ಮಾಡುವಾಗ ಇದೊಂದನ್ನೇ ಆರಿಸಿ ಸೇರಿಸಿಕೊಳ್ಳಬಹುದಾದ ಮಾದರಿಗಳು ಎಷ್ಟೋ ಇವೆ. ನಮ್ಮಲ್ಲಿ ಸಾಮಾನ್ಯವಾಗಿ ಹಾಗಿಲ್ಲ, ವೇರಿಯಂಟ್ ಮೇಲೇರಬೇಕು. ಜೊತೆಗೆ ಗಾಜಿನ ಛಾವಣಿ, ಇನ್ನಷ್ಟು ಸ್ಪೀಕರ್, ದೊಡ್ಡ ಅಲಾಯ್ ಚಕ್ರ, ಬಣ್ಣ ಬದಲಿಸುವ ದೀಪ ಎಲ್ಲವೂ ಬರುತ್ತವೆ. ಆದ್ದರಿಂದ ‘ಸಸ್ಪೆನ್ಷನ್‌ಗೆ ಇಷ್ಟು ಹಣ’ ಎಂಬ ಪ್ರಶ್ನೆ ಇಲ್ಲಿ ನಿಲ್ಲುವುದಿಲ್ಲ, ಇಡೀ ಗಂಟಿಗೆ ಎಷ್ಟು ಎಂದು ಕೇಳಬೇಕು.

ಎಕ್ಸ್-ಶೋರೂಂ ಬೆಲೆಯಲ್ಲಿ ಮೂರು ಲಕ್ಷ ವ್ಯತ್ಯಾಸ ಎಂದಿಟ್ಟುಕೊಳ್ಳಿ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಾವಧಿ ತೆರಿಗೆ ಶೇಕಡ 18, ಆ ತೆರಿಗೆಯ ಮೇಲೆ ಶೇಕಡ 11 ಸೆಸ್. ಎರಡೂ ಸೇರಿದರೆ ಸರಿಸುಮಾರು ಶೇಕಡ 20. ಮೂರು ಲಕ್ಷ ಹೋಗಿ 3.6 ಲಕ್ಷವಾಯಿತು. ಅದನ್ನು ಶೇಕಡ 9ರ ಬಡ್ಡಿಗೆ ಐದು ವರ್ಷದ ಸಾಲವಾಗಿ ತೆಗೆದುಕೊಂಡರೆ ತಿಂಗಳಿಗೆ ಏಳೂವರೆ ಸಾವಿರದಷ್ಟು ಕಂತು, ಒಟ್ಟು ಕಟ್ಟುವುದು ಸುಮಾರು 4.5 ಲಕ್ಷ. ವಿಮೆಯ ಕಂತಿನ ಏರಿಕೆ ಬೇರೆ.

ವಿದ್ಯುತ್ ಕಾರಿನವರಿಗೆ ಇನ್ನೊಂದು ಗೆರೆ ಇದೆ. ಮೋಟಾರು ವಾಹನ ತೆರಿಗೆ ಕಾಯ್ದೆಯ 2024ರ ತಿದ್ದುಪಡಿ ರಾಜ್ಯದಲ್ಲಿ 25 ಲಕ್ಷ ರೂಪಾಯಿ ಮೀರಿದ ವಿದ್ಯುತ್ ಕಾರಿಗೆ ಶೇಕಡ 10 ಜೀವಾವಧಿ ತೆರಿಗೆ ವಿಧಿಸಿತು. ಗೆರೆಯ ಕೆಳಗಿನ ವೇರಿಯಂಟ್‌ನಿಂದ ಮೇಲಿನದಕ್ಕೆ ಜಿಗಿದರೆ ತೆರಿಗೆ ಬೀಳುವುದು ವ್ಯತ್ಯಾಸದ ಮೊತ್ತಕ್ಕಷ್ಟೇ ಅಲ್ಲ, ಇಡೀ ಕಾರಿನ ಬೆಲೆಗೆ. ಬಿಡುಗಡೆಯ ಹೊತ್ತಿಗೆ ಎಕ್ಸ್‌ಇವಿ 9ಇ 21.90 ಲಕ್ಷದಿಂದ ಆರಂಭವಾಗಿ 30.50 ಲಕ್ಷದವರೆಗೆ ಹೋಗುತ್ತಿತ್ತು, ಅಂದರೆ ಗೆರೆ ನಡುವೆಯೇ ಹಾಯುತ್ತಿತ್ತು. ತೆರಿಗೆಯ ದರಗಳು ಆಗಾಗ ಬದಲಾಗುವುದರಿಂದ ಬುಕ್ ಮಾಡುವ ದಿನ ಎರಡೂ ವೇರಿಯಂಟ್‌ಗಳ ಆನ್-ರೋಡ್ ಬೆಲೆಯನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಎಕ್ಸ್-ಶೋರೂಂ ಅಂಕಿ ಹಿಡಿದು ವಾದ ಮಾಡುವುದು ವ್ಯರ್ಥ.

ಒಂದೊಂದಾಗಿ ಆಯ್ಕೆಗಳು

ಸಾಮಾನ್ಯ ಶಾಕ್ ಅಬ್ಸಾರ್ಬರ್ ಎಂದರೆ ಮೂಗು ಮುರಿಯಬೇಕಿಲ್ಲ. ಚೆನ್ನಾಗಿ ಹದ ಮಾಡಿದ ಸಾಮಾನ್ಯ ಸಸ್ಪೆನ್ಷನ್, ಹದಗೆಟ್ಟ ಅಡಾಪ್ಟಿವ್‌ಗಿಂತ ಮೇಲು. ಹದಿನೈದು ಲಕ್ಷದ ಕೆಳಗೆ ನಿಮಗಿರುವುದು ಬಹುಮಟ್ಟಿಗೆ ಇದೇ. ಕೆಟ್ಟರೆ ತಾಲ್ಲೂಕು ಕೇಂದ್ರದ ಗ್ಯಾರೇಜಿನಲ್ಲೂ ಬದಲಿಸಬಹುದು, ಕಂಪನಿಯದ್ದಲ್ಲದೆ ಬೇರೆ ತಯಾರಕರ ಬಿಡಿಭಾಗವೂ ಸಿಗುತ್ತದೆ.

ಎರಡನೆಯದು ನನ್ನ ಮಟ್ಟಿಗೆ ಹೆಚ್ಚು ಗಮನಕ್ಕೆ ಅರ್ಹವಾದದ್ದು, ಆದರೆ ಕಡಿಮೆ ಚರ್ಚೆಯಾಗುವಂಥದ್ದು. ಕಂಪನದ ಲಯಕ್ಕೆ ತಕ್ಕಂತೆ ತಾನೇ ಸಡಿಲವಾಗುವ, ಬಿಗಿಯಾಗುವ ಶಾಕ್ ಅಬ್ಸಾರ್ಬರ್. ಇದರಲ್ಲಿ ಸೆನ್ಸರ್ ಇಲ್ಲ, ವೈರ್ ಇಲ್ಲ, ಕಂಪ್ಯೂಟರ್ ಇಲ್ಲ. ಒಳಗಿನ ಒಂದು ಹೆಚ್ಚುವರಿ ಕವಾಟ ರಸ್ತೆಯ ಸಣ್ಣ, ವೇಗವಾದ ನಡುಕಕ್ಕೆ ಎಣ್ಣೆಗೆ ಇನ್ನೊಂದು ದಾರಿ ಬಿಡುತ್ತದೆ, ಬಾಡಿಯ ನಿಧಾನದ ತೂಗಾಟ ಬಂದಾಗ ಆ ದಾರಿ ಮುಚ್ಚುತ್ತದೆ. ಜೀಪ್ ಕಂಪಾಸ್, 2021ರಲ್ಲಿ ಬಂದ ಎಕ್ಸ್‌ಯುವಿ700, ಥಾರ್ ರಾಕ್ಸ್, ಹ್ಯಾರಿಯರ್ ಇವಿಯಂಥ ಕಾರುಗಳಲ್ಲಿ ಎಫ್‌ಎಸ್‌ಡಿ, ಎಫ್‌ಡಿಡಿ ಎಂಬ ಹೆಸರುಗಳಲ್ಲಿ ಇದು ಬಂದಿದೆ. ಸಿಟ್ರನ್ ಸಿ5 ಏರ್‌ಕ್ರಾಸ್ ಇನ್ನೊಂದು ದಾರಿ ಹಿಡಿದಿತ್ತು: ಶಾಕ್ ಅಬ್ಸಾರ್ಬರಿನ ಎರಡೂ ತುದಿಯಲ್ಲಿ ಎಣ್ಣೆಯ ಮೆತ್ತೆ, ಚಕ್ರದ ಆಟ ಮುಗಿಯುವಲ್ಲಿ ಹೊಡೆತ ಬೀಳದಂತೆ. ನಮ್ಮ ರಸ್ತೆಯ ಉಬ್ಬುಗಳಿಗೆ (ಸ್ಪೀಡ್ ಬ್ರೇಕರ್) ಇದಕ್ಕಿಂತ ನೇರವಾದ ಉತ್ತರ ಇನ್ನೊಂದಿಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ ಪ್ರಕಾರ ಉಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಸುಸೂತ್ರವಾಗಿ ದಾಟುವಂತಿರಬೇಕು. ಊರ ಗುಡಿಯ ಮುಂದೆ ಊರವರೇ ಹಾಕಿಕೊಂಡ ಉಬ್ಬಿಗೆ ಆ ಪುಸ್ತಕದ ಪರಿಚಯವಿಲ್ಲ.

ಈ ಮೆಕ್ಯಾನಿಕಲ್ ಬಗೆಯ ಮಿತಿ ಎಂದರೆ ಇದಕ್ಕೆ ಭಾರ, ವೇಗ, ನಿಮ್ಮ ಇಷ್ಟ ಯಾವುದೂ ಗೊತ್ತಾಗುವುದಿಲ್ಲ. ಆದರೂ ಎಲೆಕ್ಟ್ರಾನಿಕ್ ಬಗೆಯ ಲಾಭದಲ್ಲಿ ಬಹುಪಾಲನ್ನು ಬಹಳ ಕಡಿಮೆ ಖರ್ಚಿನಲ್ಲಿ ಕೊಡುತ್ತದೆ ಎಂಬುದೇ ನನ್ನ ತೀರ್ಮಾನ.

ಮೂರನೆಯದು ನಿಜವಾದ ಎಲೆಕ್ಟ್ರಾನಿಕ್ ಅಡಾಪ್ಟಿವ್. ಮಹೀಂದ್ರದ ಎರಡು ವಿದ್ಯುತ್ ಕಾರುಗಳ ಮೇಲಿನ ಆವೃತ್ತಿಗಳು, 2024ರಲ್ಲಿ ಆಮದಾಗಿ ಬಂದ ಸ್ಕೋಡಾ ಸೂಪರ್ಬ್, ಅದರಾಚೆಗೆ ಐಷಾರಾಮಿ ಕಾರುಗಳು. ವಿದ್ಯುತ್ ಕಾರಿನಲ್ಲಿ ಇದಕ್ಕೆ ಹೆಚ್ಚು ಅರ್ಥವಿದೆ ಎಂಬುದನ್ನು ಒಪ್ಪಬೇಕು. ಬ್ಯಾಟರಿಯ ಭಾರದಿಂದ ಕಾರು ಎರಡು ಟನ್ ಆಸುಪಾಸಿಗೆ ಹೋಗುತ್ತದೆ, ಆ ಭಾರಕ್ಕೆ ಗಟ್ಟಿ ಸ್ಪ್ರಿಂಗ್ ಬೇಕು, ಗಟ್ಟಿ ಸ್ಪ್ರಿಂಗನ್ನು ಹದ್ದುಬಸ್ತಿನಲ್ಲಿಡಲು ಬಿಗಿ ಶಾಕ್ ಅಬ್ಸಾರ್ಬರ್ ಬೇಕು. ಹಾಗೆ ಬಿಗಿಯಾಗಿಟ್ಟದ್ದು ಬೆಂಗಳೂರಿನ ವೈಟ್ ಟಾಪಿಂಗ್ (ಕಾಂಕ್ರೀಟ್ ಹೊದಿಸಿದ) ರಸ್ತೆಯ ಪ್ರತಿ ಸಂದಿಯಲ್ಲೂ ಸುದ್ದಿ ಹೇಳುತ್ತದೆ. ಬಿಗಿ ಬೇಡದ ಹೊತ್ತಿನಲ್ಲಿ ಸಡಿಲಗೊಳ್ಳುವ ಶಾಕ್ ಅಬ್ಸಾರ್ಬರ್ ಅಲ್ಲಿ ತನ್ನ ಸಂಬಳ ದುಡಿಯುತ್ತದೆ. ಕಾಂಕ್ರೀಟಿನ ಶಿರಾಡಿ ಘಾಟಿಯನ್ನು ತುಂಬಿದ ಕಾರಿನಲ್ಲಿ ಇಳಿಯುವಾಗ, ತಿರುವಿನ ನಡುವೆ ಬ್ರೇಕ್ ಒತ್ತಿದರೂ ಮೂಗು ಥಟ್ಟನೆ ಮುಗ್ಗರಿಸದೆ ಹೋಗುವುದೂ ಇದರದೇ ಕೊಡುಗೆ.

ದುಡ್ಡಿನ ಇನ್ನೊಂದು ಮುಖ ದುರಸ್ತಿ. ಒಂದರಲ್ಲಿ ಎಣ್ಣೆ ಸೋರಿದರೂ ಶಾಕ್ ಅಬ್ಸಾರ್ಬರ್‌ಗಳನ್ನು ಜೋಡಿಯಾಗಿ ಬದಲಿಸುವುದು ವಾಡಿಕೆ. ಎಲೆಕ್ಟ್ರಾನಿಕ್ ಬಗೆಯದಕ್ಕೆ ಸಾಮಾನ್ಯದ ಹಲವು ಪಟ್ಟು ಬೆಲೆ, ಹೊರಗಿನ ಗ್ಯಾರೇಜಿನಲ್ಲಿ ಸಿಗುವುದು ಕಷ್ಟ, ಸ್ಕ್ಯಾನರ್ ಇಲ್ಲದೆ ದೋಷ ಹುಡುಕಲಾಗದು. ನಿಮ್ಮ ಊರಿಗೆ ಹತ್ತಿರದ ಅಧಿಕೃತ ಸರ್ವಿಸ್ ಸೆಂಟರ್ ನೂರೈವತ್ತು ಕಿಲೋಮೀಟರ್ ದೂರದಲ್ಲಿದ್ದರೆ ಇದನ್ನು ಎರಡು ಬಾರಿ ಯೋಚಿಸಿ.

ಏರ್ ಸಸ್ಪೆನ್ಷನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಭಾರ ಬಿದ್ದರೆ ಮತ್ತೆ ಮೇಲೇಳುವ ಗುಣ ಈ ಪಟ್ಟಿಯಲ್ಲಿ ಇರುವುದು ಅದಕ್ಕೆ ಮಾತ್ರ, ವೋಲ್ವೊ, ಮರ್ಸಿಡಿಸ್ ಮಟ್ಟದ ಹೊಸ ಕಾರು ಕೊಳ್ಳುವವರು ಸುಖವಾಗಿ ಕೊಳ್ಳಲಿ. ಆದರೆ ಏಳೆಂಟು ವರ್ಷ ಹಳೆಯ ಐಷಾರಾಮಿ ಕಾರನ್ನು ಹೊಸ ಎಸ್‌ಯುವಿಯ ಬೆಲೆಗೆ ಸಿಗುತ್ತದೆಂದು ಸಂಸಾರಕ್ಕೆ ತರಲು ಹೊರಟವರು, ರಾತ್ರಿ ನಿಲ್ಲಿಸಿದ ಕಾರು ಬೆಳಗ್ಗೆ ಒಂದು ಮೂಲೆಯಲ್ಲಿ ಕುಸಿದಿದೆಯೇ ಎಂದು ನೋಡದೆ ಮುಂಗಡ ಕೊಡಬೇಡಿ. ರಬ್ಬರ್ ಚೀಲ ಬಿರಿಯುವುದು, ಅದಕ್ಕೆ ಗಾಳಿ ತುಂಬಿ ತುಂಬಿ ಕಂಪ್ರೆಸರ್ ಸುಡುವುದು ಅವುಗಳ ವಯೋಸಹಜ ಕಾಯಿಲೆ.

ಇನ್ನು ಯಾವ ಪಟ್ಟಿಯಲ್ಲೂ ಇಲ್ಲದ ಐದನೆಯ ಆಯ್ಕೆ: ಟಯರ್. ಎಕ್ಸ್‌ಯುವಿ700ರ ಎರಡು ಅಳತೆಗಳನ್ನೇ ನೋಡಿ. 235/65 ಆರ್17 ಟಯರಿನ ಪಕ್ಕದ ಗೋಡೆಯ ಎತ್ತರ ಸುಮಾರು 153 ಮಿಲಿಮೀಟರ್, 235/60 ಆರ್18ರದು 141. ಮೇಲಿನ ವೇರಿಯಂಟ್‌ಗೆ ಹೋದವರು ಫೋಟೊದಲ್ಲಿ ಚೆನ್ನಾಗಿ ಕಾಣುವ ಚಕ್ರಕ್ಕಾಗಿ 12 ಮಿಲಿಮೀಟರ್ ಗಾಳಿಮೆತ್ತೆ ಬಿಟ್ಟುಕೊಟ್ಟರು. ಅಡಾಪ್ಟಿವ್ ಇರುವ ವೇರಿಯಂಟ್‌ಗಳಿಗೆ ಇನ್ನೂ ದೊಡ್ಡ ಚಕ್ರ ಕೊಟ್ಟು, ಚಕ್ರ ಹಾಳುಮಾಡಿದ್ದನ್ನು ಶಾಕ್ ಅಬ್ಸಾರ್ಬರಿನಿಂದ ಸರಿಪಡಿಸಿಕೊಳ್ಳುವ ವಿಚಿತ್ರವೂ ನಡೆಯುತ್ತದೆ. ಸಣ್ಣ ಚಕ್ರದ ವೇರಿಯಂಟ್, ಒಳ್ಳೆಯ ಮೆದು ಟಯರ್, ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವಷ್ಟೇ ಗಾಳಿ: ಇಷ್ಟರಿಂದ ಸಿಗುವ ಸುಖಕ್ಕೆ ಲಕ್ಷಗಳ ಮಾತು ಬರುವುದಿಲ್ಲ. ಪೆಟ್ರೋಲ್ ಬಂಕಿನ ಹುಡುಗ ಎಲ್ಲ ಕಾರಿಗೂ ಒಂದೇ ಅಂಕಿ ತುಂಬುತ್ತಾನೆ, ಅವನಿಗೆ ಬಿಡಬೇಡಿ.

ಹಾಗಾದರೆ ಯಾರು ಕೊಡಬೇಕು

ತಿಂಗಳಿಗೆ ಎರಡು ಮೂರು ಬಾರಿ ತುಂಬಿದ ಕಾರಿನಲ್ಲಿ ಹೆದ್ದಾರಿ ಮತ್ತು ಘಾಟಿ ಎರಡನ್ನೂ ಕಾಣುವವರು, ಭಾರವಾದ ವಿದ್ಯುತ್ ಕಾರನ್ನೇ ಕೊಳ್ಳಬೇಕೆಂದಿರುವವರು, ಮೇಲಿನ ವೇರಿಯಂಟ್‌ನ ಉಳಿದ ಸಾಮಾನಿನಲ್ಲಿ ಅರ್ಧವಾದರೂ ತಮಗೆ ಬೇಕು ಎನ್ನುವವರು ಕೊಡಲಿ, ಪಶ್ಚಾತ್ತಾಪವಾಗದು. ಮಂಗಳೂರಿನಲ್ಲಿ ಮನೆ, ಬೆಂಗಳೂರಿನಲ್ಲಿ ಕೆಲಸ ಎಂಬಂಥ ಸಂಸಾರಗಳು ಈ ಗುಂಪಿನವು. ನಗರದೊಳಗೇ ಓಡಿಸಿ ವರ್ಷಕ್ಕೊಮ್ಮೆ ಪ್ರವಾಸ ಹೋಗುವವರಿಗೆ ಮೆಕ್ಯಾನಿಕಲ್ ಬಗೆಯೇ ಸಾಕು, ಅದೂ ಇಲ್ಲದಿದ್ದರೆ ನಷ್ಟವೇನಿಲ್ಲ. ಸಾಲವನ್ನು ಏಳು ವರ್ಷಕ್ಕೆ ಎಳೆದರೆ ಮಾತ್ರ ಮೇಲಿನ ವೇರಿಯಂಟ್ ಎಟಕುತ್ತದೆ ಎನ್ನುವವರು ಬಿಟ್ಟುಬಿಡಿ. ಆ ಹಣದಲ್ಲಿ ಆರು ಏರ್‌ಬ್ಯಾಗ್, ಇಎಸ್‌ಪಿ (ಕಾರು ಹತೋಟಿ ತಪ್ಪಿ ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಕೆಳಗಿನ ವೇರಿಯಂಟ್ ಮತ್ತು ಒಳ್ಳೆಯ ಟಯರ್ ಬರುತ್ತವೆ.

ಇನ್ನೊಂದು ಗುಂಪಿದೆ: ಎಂಬತ್ತು ಸಾವಿರ ಕಿಲೋಮೀಟರ್ ಓಡಿದ ಹಳೆಯ ಕಾರಿನಿಂದ ಇಳಿದು ಟೆಸ್ಟ್ ಡ್ರೈವ್‌ಗೆ ಹೋದವರು. ಅವರಿಗೆ ಯಾವ ಹೊಸ ಕಾರು ಹತ್ತಿದರೂ ಪಲ್ಲಕ್ಕಿಯೇ. ಹೋಲಿಸುತ್ತಿರುವುದು ಸವೆದ ಶಾಕ್ ಅಬ್ಸಾರ್ಬರ್, ಬಿರಿದ ಬುಷ್‌ಗಳ ಜೊತೆಗೆ ಎಂಬುದು ನೆನಪಿರಲಿ. ಹೊಸ ಕಾರು ತುರ್ತಲ್ಲದಿದ್ದರೆ ಆ ಬಿಡಿಭಾಗಗಳನ್ನು ಬದಲಿಸಿ ನೋಡಿ, ಇನ್ನೂ ನಾಲ್ಕು ವರ್ಷ ಅದೇ ಕಾರು ಸಾಕೆನಿಸಬಹುದು.

ಟೆಸ್ಟ್ ಡ್ರೈವ್‌ನಲ್ಲಿ

ಮೊದಲು ಅದು ಅಡಾಪ್ಟಿವ್ ಹೌದೇ ಎಂದು ಖಚಿತಪಡಿಸಿಕೊಳ್ಳಿ. ಇಕೊ, ನಾರ್ಮಲ್, ಸ್ಪೋರ್ಟ್ ಎಂಬ ಗುಂಡಿ ಇದ್ದ ಮಾತ್ರಕ್ಕೆ ಸಸ್ಪೆನ್ಷನ್ ಬದಲಾಗುತ್ತದೆ ಎಂದೇನಿಲ್ಲ, ಎಷ್ಟೋ ಕಾರುಗಳಲ್ಲಿ ಅದು ಎಂಜಿನ್ ಮತ್ತು ಸ್ಟಿಯರಿಂಗ್‌ಗೆ ಮಾತ್ರ. ಸ್ಟಿಯರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ ನಿಲ್ಲಿಸಿ, ಮೊಬೈಲ್ ಟಾರ್ಚ್ ಹಿಡಿದು ಮುಂದಿನ ಚಕ್ರದ ಹಿಂದೆ ಬಗ್ಗಿ ನೋಡಿ. ಚಕ್ರದ ಗುಂಬಕ್ಕೆ (ಹಬ್) ಹೋಗುವ ತೆಳು ವೈರ್ ಎಬಿಎಸ್ ಬ್ರೇಕ್ ವ್ಯವಸ್ಥೆಯದು, ಅದು ಎಲ್ಲ ಕಾರಿನಲ್ಲೂ ಇರುತ್ತದೆ. ಶಾಕ್ ಅಬ್ಸಾರ್ಬರಿನ ಮೈಗೇ ಇನ್ನೊಂದು ವೈರ್ ಪ್ಲಗ್ ಆಗಿದ್ದರೆ ಅದು ಎಲೆಕ್ಟ್ರಾನಿಕ್. ಕೆಲವು ಕಾರುಗಳಲ್ಲಿ ಈ ಪ್ಲಗ್ ಮೇಲ್ತುದಿಯಲ್ಲಿ, ಬಾನೆಟ್ಟಿನ ಕೆಳಗೆ ಇರುತ್ತದೆ, ಅಲ್ಲೂ ನೋಡಿ.

ಹೊರಡುವ ಮೊದಲು ಟಯರಿನ ಗಾಳಿ ಅಳೆಸಿ. ಪ್ರದರ್ಶನದ ಕಾರುಗಳಲ್ಲಿ ಅದು ಎಷ್ಟಿರುತ್ತದೋ ಯಾರೂ ನೋಡಿರುವುದಿಲ್ಲ. ಹಿಂದಿನ ಸೀಟು ತುಂಬಿಸಿಕೊಳ್ಳಿ, ಸಾಧ್ಯವಾದರೆ ಸ್ವಲ್ಪ ದೂರ ನೀವೂ ಹಿಂದೆ ಕೂರಿ. ಮಾರಾಟಗಾರ ತೋರಿಸುವ ನುಣುಪು ರಸ್ತೆ ಬಿಟ್ಟು, ನಿಮ್ಮ ಮನೆಗೆ ಹೋಗುವ ರಸ್ತೆಯಲ್ಲಿ ಓಡಿಸಿ. ಉಬ್ಬು ಹತ್ತುವಾಗಿನ ಕುಲುಕಿಗಿಂತ ಇಳಿದ ಮೇಲೆ ಗಮನ ಕೊಡಿ: ಹಿಂದಿನ ಭಾಗ ಒಂದೇ ಬಾರಿ ಕೂತು ಸುಮ್ಮನಾಗುತ್ತದೆಯೇ, ಇನ್ನೊಮ್ಮೆ ಎದ್ದು ಕುಣಿಯುತ್ತದೆಯೇ? ರಸ್ತೆಯ ಒಂದು ಬದಿ ಮಾತ್ರ ಕಿತ್ತುಹೋದ ಕಡೆ ಹಿಂದೆ ಕೂತವರ ತಲೆ ಆಚೀಚೆ ಎಷ್ಟು ಎಸೆದಾಡುತ್ತದೆ ಎಂದು ಕನ್ನಡಿಯಲ್ಲಿ ನೋಡಿ. ಅದೇ ಇನ್ನೂರು ಮೀಟರನ್ನು ಮೋಡ್ ಬದಲಿಸಿ ಮತ್ತೆ ಓಡಿಸಿ, ಹಿಂದಿನವರಿಗೆ ಬದಲಿಸಿದ್ದನ್ನು ಹೇಳಬೇಡಿ. ಆಮೇಲೆ ನಡುವಿನ ವೇರಿಯಂಟನ್ನು ಅದೇ ರಸ್ತೆಯಲ್ಲಿ ತರಿಸಿ. ‘ಅದು ಸ್ಟಾಕ್ ಇಲ್ಲ ಸರ್’ ಎಂದರೆ ಇನ್ನೊಂದು ಶೋರೂಂಗೆ ಹೋಗಿ.

ವಾಪಸ್ ಬಂದು ಕಾಫಿ ಕುಡಿಯುವ ಮೊದಲು ಹಿಂಬದಿಯ ಸರ್ವಿಸ್ ವಿಭಾಗಕ್ಕೆ ಹೋಗಿ, ಬಿಡಿಭಾಗದ ಕೌಂಟರಿನಲ್ಲಿ ಆ ಕಾರಿನ ಮುಂದಿನ ಒಂದು, ಹಿಂದಿನ ಒಂದು ಶಾಕ್ ಅಬ್ಸಾರ್ಬರಿನ ಬೆಲೆ ಕೇಳಿ. ಕೂಲಿ ಸೇರಿಸಿ, ಎರಡರಿಂದ ಗುಣಿಸಿ, ವಾರಂಟಿ ಪುಸ್ತಕದಲ್ಲಿ ಸಸ್ಪೆನ್ಷನ್‌ಗೆ ಎಷ್ಟು ವರ್ಷ ಎಷ್ಟು ಕಿಲೋಮೀಟರ್ ಎಂದು ಬರೆದಿರುವ ಸಾಲನ್ನು ಬೆರಳಿಟ್ಟು ತೋರಿಸಲು ಹೇಳಿ. ಬುಕಿಂಗ್ ಹಣ ಆಮೇಲೆ ಕೊಡಬಹುದು.